ನೆಲಮಾಳಿಗೆ ಇಲ್ಲದ ಮಷೀನು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬುದು ಹಿರಿಯರ ಗಾದೆ. ಹಿರಿಯರಿಗೇನು, ಒಂದೇ ನೆಲ, ಒಂದೇ ಕುಣಿತ, ಆಯುಷ್ಯ ಮುಗಿಯುವವರೆಗೆ ಸಾಕಾಗುತ್ತಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೈ ಹಾಕಿ ಬದುಕುವ ಮಂದಿ ಅದನ್ನು ಕೊಂಚ ತಿರುಚಿಕೊಂಡಿದ್ದಾರೆ: ಕುಣಿಯಲು ಬರುವವಳಿಗೇ ನೆಲ ಡೊಂಕು, ಬಾರದವಳು ಹೇಗೂ ಕೂತೇ ಇರುತ್ತಾಳೆ. ಇದಕ್ಕೊಂದು ನಡೆದ ಕಥೆಯಿದೆ. ಬುರುಡೆಯಲ್ಲ, ನಿಜ. ನಡೆದದ್ದು ಮಾತ್ರ ಬೋಳು ಬುರುಡೆಯಂಥ ಒಂದು ಗುಮ್ಮಟದೊಳಗೆ.

ಗುಮ್ಮಟ ಅಂದರೆ ತಾರಾಲಯ. ನಡುಮಧ್ಯೆ ಆಕಾಶ ತೋರಿಸುವ ಯಂತ್ರ. ಎರಡು ತುದಿಗೆ ಎರಡು ದೊಡ್ಡ ಕಪ್ಪು ಗುಂಡು, ನಡುವೆ ಸಣ್ಣ ಸೊಂಟ, ಕೆಳಗೆ ಕಬ್ಬಿಣದ ಕಾಲು. ನೋಡಲು ಬಂದ ಮಕ್ಕಳೆಲ್ಲ "ಇರುವೆ, ಇರುವೆ" ಅಂತ ಕೂಗಿ ಕೂಗಿ, ಕೆಲಸದವರ ಬಾಯಲ್ಲೂ ಅದು ಇರುವೆಯೇ ಆಗಿಹೋಗಿತ್ತು. ಈ ಇರುವೆಗೆ ಅಪ್ಪಣೆ ಕೊಡಲು ಒಂದು ಪುಟ್ಟ ಭಾಷೆ. ಚಂದ್ರ ಏಳು, ಶನಿ ನಿಲ್ಲು, ಕತ್ತಲೆ ಮಾಡು. ಮನುಷ್ಯರು ಬರೆದ ಈ ಮಾತನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಹೇಳುವ ಕಂಪೈಲರಿಗೆ ಅಲ್ಲಿನವರು ಇಟ್ಟ ಹೆಸರು ದುಭಾಷಿ. ಬಹಳ ಹಿಂದೆ ಅಲ್ಲಿನ ಎಂಜಿನಿಯರೊಬ್ಬರು ಅದನ್ನು ಕೂತು ಬರೆದಿದ್ದರು.

ದುಭಾಷಿ ವಾಸವಿದ್ದ ಹಳೆಯ ಕಂಪ್ಯೂಟರ್ ಒಂದು ಮಧ್ಯಾಹ್ನ, ಶನಿಯ ಉಂಗುರ ತೋರಿಸುತ್ತಿದ್ದಾಗಲೇ, ತಾನೂ ಒಂದು ಹೊಗೆಯ ಉಂಗುರ ಬಿಟ್ಟು ಕಣ್ಣು ಮುಚ್ಚಿತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಬದಲಿಗೆ ಬಂದದ್ದು ಊಟದ ಡಬ್ಬಿಯಷ್ಟಿರುವ ಹೊಸ ಮಷೀನು, ಬೇರೆಯದೇ ಜಾತಿಯ ಪ್ರೊಸೆಸರ್. ತಾರಾಲಯ ನಡೆಸುವ ಮಂಡಳಿಯವರಿಗೆ ಇದು ಸಾಕಿತ್ತು. ಇರುವೆಯನ್ನು ಬಿಚ್ಚಿ ಗುಜರಿಗೆ ಹಾಕಿ, ದೊಡ್ಡ ಪರದೆ ಕಟ್ಟಿ ಸಿದ್ಧ ಸಿನಿಮಾ ತೋರಿಸೋಣ ಅಂದರು. ಆಗ ಸಭೆಯಲ್ಲಿ ಒಬ್ಬಳು ಎದ್ದು ನಿಂತಳು. ಎದ್ದು ನಿಂತಳು ಅನ್ನುವುದೂ ತಪ್ಪು, ಅವಳು ಮೊದಲಿನಿಂದಲೂ ನಿಂತೇ ಇದ್ದಳು. ಕೂರುವುದು ಅವಳ ಜಾತಕದಲ್ಲಿರಲಿಲ್ಲ. ಯೋಚನೆ ಬಂದರೆ ಓಡಾಡುತ್ತಾಳೆ, ಯೋಚನೆ ಬರದಿದ್ದರೆ ಅದನ್ನು ಹುಡುಕಿಕೊಂಡು ಓಡಾಡುತ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಚಡಪಡಕ್ಕ. ತಾರಾಲಯದ ಪ್ರೋಗ್ರಾಮರ್.

"ದುಭಾಷಿಯ ಮೂಲ ಬರಹ ನಮ್ಮ ಹತ್ತಿರ ಇದೆ," ಅಂದಳು. "ಹೊಸ ಮಷೀನ್ ಮೇಲೆ ಮೊದಲಿಂದ ಕಟ್ಟಿಕೊಡ್ತೀನಿ. ಶುಕ್ರವಾರ ನೀವೆಲ್ಲ ಬನ್ನಿ. ಇರುವೆ ಆಕಾಶ ತೋರಿಸದೆ ಹೋದರೆ ಸ್ಕ್ರೂಡ್ರೈವರ್ ನಾನೇ ಹಿಡೀತೀನಿ."

ಬಾಯಿ ಬಿಟ್ಟಾಗಿತ್ತು. ಮಂಡಳಿಯವರು ಹೊರಟ ಮೇಲೆ ತಾರಾಲಯದ ನಿರ್ದೇಶಕರು ಅವಳನ್ನು ಪಕ್ಕಕ್ಕೆ ಕರೆದರು. ಬಿಗಿ ಮುಖ, ಬಿಗಿ ಕಾಲರು. ಯಾವ ಮಾತನ್ನೂ 'ಅರ್ಥ ಆಯ್ತಾ' ಎಂಬ ಬಾಲ ಕಟ್ಟದೆ ಹೊರಗೆ ಬಿಡದ ಕಾರಣ ಅವರು ಅರ್ಥಾಯ್ತಾ ಸಾಹೇಬರು.

"ನೋಡಿಮ್ಮಾ, ಏನು ಬೇಕಾದರೂ ಮಾಡಿ. ಆದರೆ ಇದನ್ನ ಹಿಡ್ಕೊಂಡು ನಿಮ್ಮ ಮಾವನ ಹತ್ತಿರ ಹೋಗಬೇಡಿ. ಅವರ ಉಪಕಾರ ನಮಗೆ ಬೇಕಿಲ್ಲ. ಅರ್ಥ ಆಯ್ತಾ?"

ಅರ್ಥವಾಗಿತ್ತು, ಆದರೆ ಕಾರಣ ಅರ್ಥವಾಗಿರಲಿಲ್ಲ. ದುಭಾಷಿಯನ್ನು ಬರೆದ ಎಂಜಿನಿಯರ್ ಬೇರಾರೂ ಅಲ್ಲ, ಚಡಪಡಕ್ಕನ ಗಂಡನ ಅಪ್ಪ. ಮಾವನೂ ಸಾಹೇಬರೂ ಒಂದು ಕಾಲದಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು, ಒಂದೇ ಫ್ಲಾಸ್ಕಿನಿಂದ ಟೀ ಕುಡಿದವರು. ಆಮೇಲೆ ಏನಾಯಿತೋ, ನಿವೃತ್ತಿಯ ದಿನ ಮಾವ ಸಾಹೇಬರ ಕೈ ಕೂಡ ಕುಲುಕದೆ ಹೊರಟುಬಂದರಂತೆ. ಮನೆಯಲ್ಲಿ ಆ ಹೆಸರೆತ್ತಿದರೆ ಮಾವನಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸುತ್ತಿರಲಿಲ್ಲ.

ಹೀಗೆ ಶುರುವಾಯಿತು ಕಟ್ಟುವ ಕೆಲಸ. ಕಂಟ್ರೋಲ್ ಕೋಣೆ ಅಂದರೆ ಗುಮ್ಮಟದ ಹಿಂಭಾಗದಲ್ಲಿ ಗಾಜಿನ ಕಿಟಕಿಯಿರುವ ಒಂದು ಗೂಡು. ಒಂದು ಮೇಜು, ಎರಡು ಕುರ್ಚಿ, ಗೋಡೆಯಿಂದ ನೇತಾಡುವ ವೈರುಗಳು. ಚಡಪಡಕ್ಕ ಹೊಸ ಮಷೀನಿನ ಜೊತೆ ಬಂದ ಕಂಪೈಲರಿಗೆ ದುಭಾಷಿಯ ಬರಹ ಉಣ್ಣಿಸಿದಳು. ಮೊದಲ ತುತ್ತಿಗೇ ಅದು ಉಗುಳಿತು. ಇಂಥ ಫೈಲ್ ಇಲ್ಲ ಅಂತು.

"ಇಲ್ಲ ಅಂದ್ರೇನು? ಕಣ್ಣೆದುರಿಗೇ ಇದೆಯಲ್ಲೋ!" ಅಂದಳು ಚಡಪಡಕ್ಕ, ಕುರ್ಚಿಯನ್ನು ಒಂದು ಸುತ್ತು ಹಾಕಿ.

"ಯಾರನ್ನ ಬೈತಿದ್ದೀಯಕ್ಕಾ, ನನ್ನನ್ನೋ ಅದನ್ನೋ?" ಅಂದ ಬಾಗಿಲಲ್ಲಿ ನಿಂತಿದ್ದ ಗಿಣಿ. ಗಿಣಿ ಅಂದರೆ ಷೋ ನಡೆಯುವಾಗ ಕತ್ತಲಲ್ಲಿ ಕೂತು "ಈಗ ಪೂರ್ವದ ಕಡೆ ನೋಡಿ" ಎಂದು ಹೇಳುವ ಕಂಠ. ಆ ಕಂಠಕ್ಕೆ ಬಾರದ ಕಂಠವಿಲ್ಲ. ಟಿಕೆಟ್ ಕೊಡುವಾಕೆಯ ಮೂಗು, ಲಿಫ್ಟಿನ ಬಾಗಿಲು, ಮಂಡಳಿಯ ಅಧ್ಯಕ್ಷೆಯ ಕೆಮ್ಮು, ಎಲ್ಲವನ್ನೂ ಅನುಕರಿಸಬಲ್ಲ. ಸಾಹೇಬರನ್ನಂತೂ ಕೇಳುವುದೇ ಬೇಡ. ಅವರು ಬೆಳಿಗ್ಗೆ ಆಡಿದ ಮಾತನ್ನು ಗಿಣಿ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮತ್ತೆ ಬಡಿಸುತ್ತಿದ್ದ, ಬಿಸಿ ಆರದಂತೆ.

ಫೈಲ್ ಸಿಗದಿದ್ದುದಕ್ಕೆ ಕಾರಣ ಹುಡುಕುವಷ್ಟರಲ್ಲಿ ಚಡಪಡಕ್ಕನ ಚಪ್ಪಲಿ ಸವೆಯಿತು. ಹಳೆಯ ಮಷೀನಿಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಹೊಸದಕ್ಕೆ ಬೇರೆ ಬೇರೆ. ಮಾವ ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಬರೆದಿದ್ದರು. ಸರಿಪಡಿಸಿದಳು. ಮತ್ತೆ ಇಲ್ಲ ಅಂತು. ಈ ಸಲ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ, ಹಳೆಯ ಮಷೀನಿನ ಪದ್ಧತಿ, ಹೊಸದಕ್ಕೆ ಗಂಟಲ ಮುಳ್ಳು. ಅವನ್ನೆಲ್ಲ ಗುಡಿಸಿ ಹಾಕಿದಳು. ಆಮೇಲೆ ಎಲ್ಲ ಸರಿಯಾಗಿ ಅರ್ಧ ದಾರಿ ಬಂದು ಧೊಪ್ಪನೆ ಬಿತ್ತು. ಹೊಸ ಮಷೀನಿನ ನೆನಪಿನ ವಿಳಾಸಗಳು ಉದ್ದ, ಮಾವ ಅವಕ್ಕೆ ಕೊಟ್ಟಿದ್ದ ಜಾಗ ಗಿಡ್ಡ. ವಿಳಾಸದ ತುದಿ ಕತ್ತರಿಸಿದರೆ ಪೋಸ್ಟ್‌ಮ್ಯಾನ್ ಯಾರ ಮನೆಗೆ ಹೋಗಬೇಕು? ಒಂದೊಂದೇ ಜಾಗ ಅಗಲ ಮಾಡುತ್ತ ಹೋದಳು. ಒಂದು ತಪ್ಪು ತಿದ್ದಿದರೆ ಅದರ ಅಣ್ಣತಮ್ಮಂದಿರು ಗುಂಪಾಗಿ ಬಾಗಿಲಿಗೆ ಬರುತ್ತಿದ್ದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ.

ಇದರ ಮಧ್ಯೆ ಫೋನು.

"ಮಂಡಳಿಯವರು ಇವತ್ತೇ ಬರ್ತಿದ್ದಾರೆ. ಇನ್ನೇನು ಗೇಟ್ ಹತ್ತಿರ ಇದ್ದಾರೆ. ಅರ್ಥ ಆಯ್ತಾ?"

ಚಡಪಡಕ್ಕ ಫೋನು ಎಸೆದು, ಮೆಟ್ಟಿಲು ಹಾರಿ, ಗೇಟಿನವರೆಗೆ ಓಡಿದಳು. ಗೇಟಿನಲ್ಲಿ ಇದ್ದದ್ದು ಒಂದು ಬೆಕ್ಕು. ಹಿಂದೆ ತಿರುಗಿದರೆ ಕಿಟಕಿಯಲ್ಲಿ ಗಿಣಿ, ಹೊಟ್ಟೆ ಹಿಡಿದುಕೊಂಡು.

"ನಿನ್ನ ನಾಲಿಗೆಗೆ ಬೀಗ ಹಾಕ್ತೀನಿ ಕಣೋ! ನನ್ನ ಹೊಟ್ಟೇಲಿ ಇರುವೆ ಬಿಟ್ಟ ಹಾಗಾಗಿದೆ, ನಿನಗೆ ಆಟ!"

"ಇರುವೆ ಹೊಟ್ಟೇಲಿ ಇರೋದಾದ್ರೆ ಮಂಡಳಿಯವರಿಗೆ ಏನು ತೋರಿಸ್ತೀಯಕ್ಕಾ?" ಅಂದ ಅವನು. ಆದರೂ ಸಂಜೆಗೆ ಅವನೇ ಟೀ ತಂದು, ಪಕ್ಕದಲ್ಲಿ ಕೂತು, ತಪ್ಪುಗಳ ಸಾಲನ್ನು ಒಂದೊಂದಾಗಿ ಜೋರಾಗಿ ಓದಿ ಹೇಳಿದ, ಕ್ರಿಕೆಟ್ ಕಾಮೆಂಟರಿಯ ಧಾಟಿಯಲ್ಲಿ. ನಗುತ್ತ ತಿದ್ದಿದರೆ ಕೈ ಬೇಗ ಓಡುತ್ತದೆ. ಅವನಿಲ್ಲದಿದ್ದರೆ ಅವಳು ಎಂದೋ ಕೀಬೋರ್ಡನ್ನು ಗೋಡೆಗೆ ಹೊಡೆಯುತ್ತಿದ್ದಳು.

ಕೊನೆಗೆ ಬುಧವಾರ, ಊಟದ ಹೊತ್ತಿಗೆ, ದುಭಾಷಿ ಕಟ್ಟಿ ಮುಗಿಯಿತು. ಒಂದೂ ತಪ್ಪಿಲ್ಲ. ಚಡಪಡಕ್ಕ ಗಿಣಿಯ ಬೆನ್ನಿಗೆ ಒಂದು ಗುದ್ದು ಕೊಟ್ಟು, ಚಂದ್ರನ ಫೈಲನ್ನು ದುಭಾಷಿಗೆ ಕೊಟ್ಟಳು. ಷೋ ಯಾವುದೇ ಇರಲಿ, ಚಂದ್ರನಿಲ್ಲದೆ ಶುರುವಾಗುವುದಿಲ್ಲ.

ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಪೆಟ್ಟಿಗೆಯೊಳಗಿನ ಮಹಾಶಯರೇ, ಚಂದ್ರ ನಿಮ್ಮಪ್ಪನ ಆಸ್ತಿಯಲ್ಲ. ಹೊರಗೆ ಬಂದು ಟೀ ಕೊಡಿಸಿದರೆ ಮಾತ್ರ ಹುಟ್ಟುತ್ತಾನೆ. ಅರ್ಥ ಆಯ್ತಾ?"

ಅಷ್ಟು ಹೇಳಿ ದುಭಾಷಿ ಕೆಲಸ ನಿಲ್ಲಿಸಿತು.

ಚಡಪಡಕ್ಕ ನಿಧಾನವಾಗಿ ತಿರುಗಿದಳು. ಅವಳು ಯಾವುದನ್ನೂ ನಿಧಾನವಾಗಿ ಮಾಡಿದ್ದನ್ನು ಗಿಣಿ ನೋಡಿದ್ದೇ ಇಲ್ಲ, ಒಂದು ಹೆಜ್ಜೆ ಹಿಂದೆ ಸರಿದ.

"ಅಕ್ಕಾ, ನನ್ನಾಣೆ, ಇದು ನಾನಲ್ಲ."

"ನಿನ್ನಾಣೆಗೆ ಕ್ಯಾಂಟೀನಲ್ಲಿ ಒಂದು ಲೋಟ ನೀರೂ ಕೊಡಲ್ಲ. ಗೇಟಿನ ಹತ್ತಿರ ಓಡಿಸಿದ್ದು ಸಾಲದು ಅಂತ ಇದರೊಳಗೂ ಕೈ ಆಡಿಸಿದ್ಯಾ?"

"ನನಗೆ ಕಂಠ ಬರುತ್ತೆ, ಕಂಪೈಲರ್ ಬರುತ್ತಾ? ಮಷೀನ್ ಆನ್ ಮಾಡೋ ಗುಂಡಿ ಎಲ್ಲಿದೆ ಅಂತ ನೀನೇ ತೋರಿಸಿದ್ದು!"

ಅದೂ ನಿಜ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಅವಳು ಅವನ ಮುಖ ನೋಡುತ್ತಿರುವಾಗಲೇ ಬಾಗಿಲ ಬಳಿ ಬಿಗಿ ಕಾಲರು ಕಾಣಿಸಿತು. ಸಾಹೇಬರು ಪರದೆ ಓದಿದರು. ಒಂದು ಸಲ ಓದಿದರು, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು.

"ಕ್ಯಾಂಟೀನಿನಲ್ಲಿ ನನ್ನ ಬಗ್ಗೆ ಏನು ನಡೆಯುತ್ತೆ ಅಂತ ನನಗೆ ಗೊತ್ತು," ಅಂದರು ಗಿಣಿಗೆ. "ಅಲ್ಲಿ ನಕ್ಕು ಹೋಗಲಿ ಅಂತ ಬಿಟ್ಟಿದ್ದೆ. ಇಲ್ಲಿ ಇರುವೆಯ ಜೀವ ಹೋಗ್ತಿರುವಾಗಲೂ ತಮಾಷೆ. ಇನ್ನು ಈ ಗುಮ್ಮಟದೊಳಗೆ ಕಾಲಿಡಬೇಡ. ಶುಕ್ರವಾರದ ಷೋಗೆ ರೆಕಾರ್ಡ್ ಮಾಡಿದ ಧ್ವನಿ ಹಾಕ್ತೀವಿ."

ಬಾಲ ಕಟ್ಟದೆಯೇ ಮಾತು ಮುಗಿಸಿದರು. ಅದೇ ಭಯ ಹುಟ್ಟಿಸಿತು.

ಗಿಣಿ ಹೋದ. ಚಡಪಡಕ್ಕ ದುಭಾಷಿಯ ಬರಹವನ್ನೆಲ್ಲ ಜಾಲಾಡಿದಳು. ಪೆಟ್ಟಿಗೆ, ಮಹಾಶಯ, ಟೀ, ಒಂದು ಪದವೂ ಎಲ್ಲೂ ಇಲ್ಲ. ಇಲ್ಲದ ಮಾತನ್ನು ಮಷೀನು ಆಡುತ್ತಿದೆ! ಮೆಟ್ಟಿಲು ಇಳಿದಳು, ಹತ್ತಿದಳು. ಸೀಟುಗಳ ಸಾಲಿನ ನಡುವೆ ಸುತ್ತಿದಳು. ಇರುವೆ ಎರಡೂ ಗುಂಡು ತಲೆ ತಗ್ಗಿಸಿಕೊಂಡು ನಿಂತಿತ್ತು, ಗುಜರಿಯವನ ದಾರಿ ಕಾಯುವ ಹಾಗೆ.

ಮತ್ತೆ ಬಂದು ಒಂದೊಂದೇ ಫೈಲು ಕೊಟ್ಟು ನೋಡಿದಳು. ಸೂರ್ಯ ಸಲೀಸಾಗಿ ಹೋದ. ಮಂಗಳ, ಗುರು, ಶನಿ, ಯಾರಿಗೂ ತಕರಾರಿಲ್ಲ. ಚಂದ್ರನಿಗೆ ಬೈಗುಳ. ಗ್ರಹಣಕ್ಕೂ ಬೈಗುಳ. ಈ ಎರಡನ್ನೂ ಬರೆದವರು ಸಾಹೇಬರು, ಅವರಿನ್ನೂ ಕಿರಿಯ ಎಂಜಿನಿಯರ್ ಆಗಿದ್ದ ಕಾಲದಲ್ಲಿ. ಚಂದ್ರನ ಫೈಲನ್ನು ನಡುವೆ ಕತ್ತರಿಸಿದಳು. ಕೆಳಗಿನ ಅರ್ಧ ಮೌನ, ಮೇಲಿನ ಅರ್ಧಕ್ಕೆ ಬೈಗುಳ. ಮೇಲಿನ ಅರ್ಧವನ್ನು ಮತ್ತೆ ಅರ್ಧ ಮಾಡಿದಳು. ಕತ್ತರಿಸುತ್ತ ಕತ್ತರಿಸುತ್ತ ಚಂದ್ರ ಸವೆದು ಅಮಾವಾಸ್ಯೆಯಾದ. ಉಳಿದದ್ದು ಫೈಲಿನ ತಲೆಯ ಮೇಲಿದ್ದ ಒಂದು ಅಲಂಕಾರ ಮಾತ್ರ. ಸಾಹೇಬರಿಗೆ ಆ ಕಾಲದಲ್ಲಿ ಒಂದು ಶೋಕಿ ಇತ್ತು. ಬರೆದ ಪ್ರತಿ ಫೈಲಿನ ಮೇಲೂ ತಮ್ಮ ಹೆಸರು ಹಾಕಿ, ಅದರ ಸುತ್ತ ಜೋಡಿಗೆರೆಯ ಚೌಕಟ್ಟು ಎಳೆಯುತ್ತಿದ್ದರು, ಗೋಡೆಗೆ ನೇತುಹಾಕುವ ಫೋಟೋದಂತೆ. ಆ ಚೌಕಟ್ಟೊಂದನ್ನೇ ಕೊಟ್ಟರೂ ದುಭಾಷಿ ಪೂರ್ತಿ ಬೈಗುಳ ಒಪ್ಪಿಸಿತು.

ಚೌಕಟ್ಟು ಅಳಿಸಿದಳು. ಚಂದ್ರ ತುಟಿಪಿಟಿಕ್ಕೆನ್ನದೆ ದಾಟಿದ.

ಅಯ್ಯೋ, ಇಷ್ಟೇನಾ! ಬೆಟ್ಟ ಅಗೆದು ಇಲಿ. ಯಾರು ಮಾಡಿದರೇನು, ಗೆರೆ ಅಳಿಸಿದರೆ ಮುಗಿಯಿತು. ದೀಪ ಆರಿಸಿ ಇರುವೆಯನ್ನು ಓಡಿಸಿದಳು. ಚಂದ್ರ ಪೂರ್ವದಲ್ಲಿ ಎದ್ದ, ಚೆನ್ನಾಗಿಯೇ ಎದ್ದ, ಮೇಲೇರಿದ. ದಿನಗಳು ಕಳೆದಂತೆ ಅವನು ಆಕಾಶದ ನಡುಗೆರೆ ದಾಟಿ ದಕ್ಷಿಣಕ್ಕೆ ಇಳಿಯಬೇಕಿತ್ತು. ಗೆರೆ ತಲುಪಿದವನೇ ಒಂದೇ ನೆಗೆತಕ್ಕೆ ಗುಮ್ಮಟ ಹಾರಿ, ಹಿಂದಿನ ಬಾಗಿಲ ನೆತ್ತಿಯ ಮೇಲೆ, 'ಹೊರಗೆ' ಎಂಬ ಬೋರ್ಡಿನ ಪಕ್ಕದಲ್ಲಿ ಹೋಗಿ ಕೂತ.

"ಎಲ್ಲಿಗಯ್ಯಾ ಹೊರಟೆ?" ಅಂದಳು ಚಡಪಡಕ್ಕ ಕತ್ತಲಲ್ಲಿ, ಅಳು ಬರುವಂತಾಗಿ. ಶುಕ್ರವಾರ ಮಂಡಳಿಯವರು ಇದನ್ನು ನೋಡಿದರೆ ಚಂದ್ರನ ಹಿಂದೆಯೇ ಇರುವೆಯೂ ಹೊರಗೆ, ಇರುವೆಯ ಹಿಂದೆ ತಾನೂ.

ಗುರುವಾರ ಪೂರ್ತಿ ಆ ನೆಗೆತದ ಹಿಂದೆ ಬಿದ್ದಳು. ಕೋನಗಳನ್ನು ಪರದೆಗೆ ತರಿಸಿ ನೋಡಿದರೆ, ಸೊನ್ನೆಗಿಂತ ಇಪ್ಪತ್ತು ಕೆಳಗೆ ಇರಬೇಕಾದಲ್ಲಿ ಇನ್ನೂರ ಮೂವತ್ತಾರು ಕೂತಿತ್ತು. ಅವಳು ಓಡಾಡುವುದನ್ನು ನಿಲ್ಲಿಸಿ, ಒಂದು ಕಾಲೆತ್ತಿ ಹಾಗೇ ನಿಂತಳು.

ಒಂದು ಬೈಟು ಅಂದರೆ ಇನ್ನೂರ ಐವತ್ತಾರು ಕೋಣೆಗಳ ಒಂದು ಕಟ್ಟಡ ಅಂದುಕೊಳ್ಳಿ. ಹಳೆಯ ಮಷೀನು ಅದರಲ್ಲಿ ಅರ್ಧ ಕೋಣೆಗಳನ್ನು ನೆಲದ ಮೇಲೆ, ಇನ್ನರ್ಧವನ್ನು ಸೊನ್ನೆಯ ಕೆಳಗೆ, ನೆಲಮಾಳಿಗೆಯಲ್ಲಿ ಎಣಿಸುತ್ತಿತ್ತು. ಹೊಸ ಮಷೀನಿನ ಪದ್ಧತಿಯಲ್ಲಿ ನೆಲಮಾಳಿಗೆಯೇ ಇಲ್ಲ, ಎಲ್ಲವೂ ಮಹಡಿ. ಮೈನಸ್ ಇಪ್ಪತ್ತಕ್ಕೆ ಇಳಿ ಅಂದರೆ ಇಳಿಯಲು ಮೆಟ್ಟಿಲಿಲ್ಲದೆ ಪಾಪದ ಚಂದ್ರ ಇನ್ನೂರ ಮೂವತ್ತಾರನೆಯ ಕೋಣೆಗೆ ಹಾರುತ್ತಿದ್ದ. ಕುಣಿತದಲ್ಲಿ ತಪ್ಪಿಲ್ಲ, ನೆಲವೇ ಬೇರೆ.

ಇದಕ್ಕೆ ಮದ್ದು ಒಂದು ಚಿಕ್ಕ ಸೂಚನೆ. ದುಭಾಷಿಯನ್ನು ಕಟ್ಟುವಾಗ 'ನೆಲಮಾಳಿಗೆ ಇದೆ ಅಂತ ತಿಳಿದುಕೋ' ಎಂದು ಕಂಪೈಲರಿಗೆ ಒಂದು ಮಾತು ಹೇಳಿದರೆ ಸಾಕು. ಹೇಳಿದಳು, ಮತ್ತೆ ಕಟ್ಟಿದಳು. ಚಂದ್ರ ಮರ್ಯಾದಸ್ಥನಂತೆ ದಕ್ಷಿಣಕ್ಕೆ ಇಳಿದ.

ಸಾಹೇಬರ ಚೌಕಟ್ಟನ್ನು ಅಳಿಸಿದ್ದೆನಲ್ಲ, ಪಾಪ, ವಾಪಸ್ ಇಡೋಣ ಅಂತ ಇಟ್ಟಳು. ಕಣ್ಣು ಅರ್ಧ ಮುಚ್ಚಿಕೊಂಡು ಓಡಿಸಿದಳು. ಬೈಗುಳ ಬರಲಿಲ್ಲ.

ಸೂಚನೆ ತೆಗೆದು ಕಟ್ಟಿದಳು. ಬೈಗುಳ ಬಂತು. ಹಾಕಿ ಕಟ್ಟಿದಳು. ಮೌನ. ತೆಗೆದರೆ ಬಾಯಿ, ಹಾಕಿದರೆ ಬೀಗ.

ಅಂದರೆ ಚಂದ್ರನ ನೆಗೆತಕ್ಕೂ ಈ ಬೈಗುಳಕ್ಕೂ ಕಾರಣ ಒಂದೇ. ಮಷೀನಿಗೆ ಪ್ರತಿ ಅಕ್ಷರವೂ, ಪ್ರತಿ ಗೆರೆಯೂ ಆ ಕಟ್ಟಡದ ಒಂದೊಂದು ಕೋಣೆಯ ನಂಬರೇ. ಈ ಸಲ ಅವಳು ಪದ ಹುಡುಕಲಿಲ್ಲ, ಜೋಡಿಗೆರೆಯ ಕೋಣೆಯ ನಂಬರು ಹುಡುಕಿದಳು, ಇನ್ನೂರ ಐದು. ಸಿಕ್ಕಿತು. 'ಇನ್ನೂರ ಐದು ಬಂದರೆ ಹೀಗೆ ಹೇಳು' ಎಂದು ಒಂದು ಸಾಲು. ಹೇಳಬೇಕಾದ ಮಾತಿನ ಅಕ್ಷರಗಳನ್ನೆಲ್ಲ ಒಂದೊಂದು ಮನೆ ಆಚೆ ಸರಿಸಿ, ಯಾರು ಹುಡುಕಿದರೂ ಸಿಗದಂತೆ ಬಚ್ಚಿಟ್ಟಿತ್ತು. ಹಳೆಯ ಮಷೀನಿನಲ್ಲಿ ಇನ್ನೂರ ಐದು ಎಂಬ ಅತಿಥಿ ನೆಲಮಾಳಿಗೆಯ ಬಾಗಿಲಿನಿಂದ, ಮೈನಸ್ ಐವತ್ತೊಂದಾಗಿ ಒಳಗೆ ಬರುತ್ತಿದ್ದ. ಈ ಸಾಲು ಮಾತ್ರ ಮಹಡಿಯ ಬಾಗಿಲಲ್ಲಿ ಆರತಿ ಹಿಡಿದು ಕಾಯುತ್ತಲೇ ಇತ್ತು. ಎಷ್ಟು ಕಾಲದಿಂದ? ದುಭಾಷಿಯ ಹಳೆಯ ಪ್ರತಿಗಳನ್ನೆಲ್ಲ ತೆರೆದಳು. ಎಲ್ಲದರಲ್ಲೂ ಇದೆ. ಅತಿ ಹಳೆಯದನ್ನು ಬರೆದ ಕಾಲಕ್ಕೆ ಗಿಣಿ ಬಹುಶಃ ಮಗ್ಗಿ ಒಪ್ಪಿಸುತ್ತಿದ್ದ.

ಚಡಪಡಕ್ಕ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಓಡಿದಳು. ಸಾಹೇಬರು ಹೋಗಬೇಡಿ ಅಂದದ್ದು ಸಹಾಯ ಕೇಳಲು. ಬೈಯಲು ಹೋಗಬೇಡಿ ಅಂದಿರಲಿಲ್ಲವಲ್ಲ.

ಮಾವ ಬಾಲ್ಕನಿಯಲ್ಲಿ ಕೂತು ರೇಡಿಯೋದ ಹೊಟ್ಟೆ ಬಿಚ್ಚಿದ್ದರು. ಸೊಸೆ ಉಸಿರು ತೆಗೆದುಕೊಳ್ಳದೆ ಪರದೆಯ ಮಾತನ್ನು ಒಪ್ಪಿಸಿದಳು. "ಪೆಟ್ಟಿಗೆಯೊಳಗಿನ ಮಹಾಶಯರೇ..."

ಮಾವನ ಕೈಯಿಂದ ಸ್ಕ್ರೂ ಬಿತ್ತು.

"ಅದು ಈಗ ಬಂತಾ?"

"ಈಗ ಅಂದ್ರೆ? ಮಾವ, ನೀವೇನಾ?"

"ಈಗ ಬಂತಾ ಅಂತ ಕೇಳ್ದೆ. ಮೊದಲು ಬಂದಿರಲಿಲ್ವಾ?"

"ಒಂದು ದಿನವೂ ಬಂದಿಲ್ಲ. ಆ ಮಷೀನಲ್ಲಿ ಬರೋಕೆ ಸಾಧ್ಯವೇ ಇರಲಿಲ್ಲ. ಇನ್ನೂರ ಐದು ಅಲ್ಲಿ ಮೈನಸ್ ಆಗಿಬಿಡ್ತಿತ್ತು."

"ಇಲ್ಲಮ್ಮಾ, ನಾನು ನೋಡಿದ್ದೀನಿ! ನಮ್ಮ ಮನೆ ಮಷೀನಲ್ಲಿ ಚೆನ್ನಾಗಿ ಓಡ್ತಿತ್ತಲ್ಲ! ಅಟ್ಟದ ಮೇಲಿದೆ ನೋಡು, ಆ ಬೂದು ಬಣ್ಣದ್ದು."

ಸೊಸೆ ಹಣೆ ಚಚ್ಚಿಕೊಂಡಳು. "ನಮ್ಮ ಕಸುಬಿನ ಕಳ್ಳರೆಲ್ಲ ಹೇಳೋದು ಇದೇ ಮಾತು, ಮಾವ. ನಮ್ಮನೇಲಿ ಓಡ್ತಿತ್ತು! ಅಟ್ಟದ ಮೇಲಿರೋದು ಹೊಸ ಮಷೀನಿನ ಜಾತಿದು. ತಾರಾಲಯದ್ದು ಬೇರೆ ಜಾತಿ."

ಮಾವ ರೇಡಿಯೋವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದ ಕಥೆ ಇಷ್ಟು. ಗೆಳೆಯ ಎಲ್ಲದಕ್ಕೂ ಚೌಕಟ್ಟು ಹಾಕಿ ತನ್ನ ಹೆಸರನ್ನು ಪೆಟ್ಟಿಗೆಯೊಳಗೆ ಕೂರಿಸುವುದನ್ನು ನೋಡಿ ಒಂದು ಕೀಟಲೆ ಮಾಡೋಣ ಅನ್ನಿಸಿತು. ಅವನದೇ ಧಾಟಿಯಲ್ಲಿ ಒಂದು ಮಾತು ಬರೆದು, ಮನೆಯಲ್ಲಿ ಓಡಿಸಿ ನೋಡಿ, ತಾರಾಲಯದ ದುಭಾಷಿಯೊಳಗೆ ತುರುಕಿದರು. ಮಾರನೆಯ ದಿನ ಅವನು ಚಂದ್ರನ ಫೈಲು ಹಿಡಿದು ಕಂಟ್ರೋಲ್ ಕೋಣೆಗೆ ಹೋದ. ಇವರು ಹೊರಗೆ ನಗು ತಡೆದುಕೊಂಡು ಕಾದರು. ಅವನು ಹೊರಗೆ ಬಂದ. "ಚಂದ್ರ ಚೆನ್ನಾಗಿ ಹುಟ್ಟಿದ, ಥ್ಯಾಂಕ್ಸ್," ಅಂದ. ಅಷ್ಟೇ.

"ಒಂದು ನಗು ಬೇಡ್ವಾ ಮಗಳೇ? ಬೈದಿದ್ರೂ ಸಾಕಿತ್ತು. ನಾನು ಅಷ್ಟು ಕಷ್ಟಪಟ್ಟು ಮಾಡಿದ ತಮಾಷೆನ ಓದಿ, ನುಂಗಿ, ಥ್ಯಾಂಕ್ಸ್ ಅಂತಾನೆ! ಕಲ್ಲಾದ್ರೂ ಬಿಸಿಲಿಗೆ ಬಿರುಕು ಬಿಡುತ್ತೆ. ಇಷ್ಟು ಸೊಕ್ಕಾ ಅಂತ ನಾನೂ ಮಾತು ಬಿಟ್ಟೆ."

"ಅವರು ಓದೇ ಇಲ್ಲ, ಮಾವ."

"ಓದೇ ಇಲ್ಲ," ಅಂದರು ಮಾವ. ಸ್ಕ್ರೂ ಹುಡುಕಲು ಬಗ್ಗಿದವರು ಬಗ್ಗಿಯೇ ಇದ್ದರು. "ಅವನಿಗೆ ನಾನು ಯಾಕೆ ಮಾತು ಬಿಟ್ಟೆ ಅಂತಾನೂ ಗೊತ್ತಿಲ್ಲ, ಹಾಗಾದ್ರೆ."

ಶುಕ್ರವಾರ ಬೆಳಿಗ್ಗೆ ಚಡಪಡಕ್ಕನ ಎದುರು ಎರಡು ದಾರಿ. ಸೂಚನೆ ಹಾಕಿದ ದುಭಾಷಿ ಸಿದ್ಧವಾಗಿತ್ತು. ಅದರೊಂದಿಗೆ ಷೋ ನಡೆಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಗಿಣಿ ಗೇಟಿನ ಹೊರಗೇ ಉಳಿಯುತ್ತಾನೆ. ರೆಕಾರ್ಡ್ ಧ್ವನಿಗೆ ಹಳೆಯ ಷೋ ಮಾತ್ರ ಗೊತ್ತು, ಇವತ್ತಿನ ಆಕಾಶ ಗೊತ್ತಿಲ್ಲ. ಚಂದ್ರ ಪೂರ್ವದಲ್ಲಿದ್ದರೆ ಅದು ಪಶ್ಚಿಮ ನೋಡಿ ಅಂದೀತು. ಅವಳು ಮಷೀನಿನಲ್ಲಿ ಇನ್ನೊಂದು ದುಭಾಷಿಯನ್ನೂ ಇಟ್ಟಳು, ಸೂಚನೆ ಇಲ್ಲದ್ದು, ಬಾಯಿ ಇರುವುದು. ಆಮೇಲೆ ಸಾಹೇಬರನ್ನು ಕರೆದಳು.

"ಸಾರ್, ಚಂದ್ರ ನಿಮ್ಮ ಫೈಲು. ಷೋಗೆ ಮುಂಚೆ ನಿಮ್ಮ ಕೈಯಿಂದಲೇ ಒಂದು ಸಲ ಓಡಿಸಿ."

ಸಾಹೇಬರು ಕೂತು, ಒಂದೊಂದೇ ಅಕ್ಷರ ಒತ್ತಿದರು. ಪರದೆಯ ಮೇಲೆ ಮಹಾಶಯರೇ ಬಂತು.

"ಮತ್ತೆ ಆ ಗಿಣಿ!"

"ಗಿಣಿ ಅಲ್ಲ ಸಾರ್." ದುಭಾಷಿಯ ಅತಿ ಹಳೆಯ ಪ್ರತಿ ತೆರೆದು ಆ ಸಾಲು ತೋರಿಸಿದಳು, ನೆಲಮಾಳಿಗೆಯ ಕಥೆ ಹೇಳಿದಳು. ಕಾಲು ಸುಮ್ಮನಿರದೆ ಮೇಜಿನ ಸುತ್ತ ಸುತ್ತುತ್ತಲೇ ಹೇಳಿದಳು. ಸಾಹೇಬರ ತಲೆ ಅವಳ ಹಿಂದೆಯೇ ತಿರುಗಿತು. "ಇದು ನಿಮಗೆ ಆವತ್ತೇ ಬರಬೇಕಿತ್ತು. ಚಂದ್ರ ಚೆನ್ನಾಗಿ ಹುಟ್ಟಿದ, ಥ್ಯಾಂಕ್ಸ್ ಅಂದ್ರಂತಲ್ಲ, ಆವತ್ತು."

ಗಾಜಿನ ಕಿಟಕಿಯಾಚೆ, ಖಾಲಿ ಸೀಟುಗಳ ಕೊನೆಯ ಸಾಲಿನಲ್ಲಿ ಯಾರೋ ಕೂತಿದ್ದರು. ಸಾಹೇಬರು ಆ ಕಡೆ ನೋಡಿದರು. ಮಾವ ಎದ್ದು ನಿಂತರು. ಅವರ ಕೈಯಲ್ಲಿ ಹಳೆಯ ಫ್ಲಾಸ್ಕು.

ಸಾಹೇಬರ ಮುಖದಲ್ಲಿ ಏನೂ ಆಗಲಿಲ್ಲ. "ಗಿಣಿಯನ್ನ ಒಳಗೆ ಕರೀರಿ," ಅಂದರು ಅಷ್ಟೇ. "ಸರಿಯಾಗಿರೋ ದುಭಾಷಿ ಹಾಕಿ. ಮಂಡಳಿಯವರು ಬರೋ ಹೊತ್ತಾಯ್ತು." ಕಾಲರು ಸರಿಮಾಡಿಕೊಂಡು ಹೊರಟೇಹೋದರು.

ಮಾವ ಮತ್ತೆ ಕೂತರು. "ನೋಡಿದ್ಯಾ? ಕಲ್ಲು," ಅಂದರು.

ಮಂಡಳಿಯವರು ಬಂದರು, ಕೆಮ್ಮುವ ಅಧ್ಯಕ್ಷೆ ಮುಂದಿನ ಸಾಲಿನಲ್ಲಿ. ಸಾಹೇಬರು ಎಲ್ಲಿ ಕೂರುವುದೆಂದು ಒಂದು ಗಳಿಗೆ ನಿಂತರು, ಮುಂದಿನ ಸಾಲು ಬಿಟ್ಟು ಕೊನೆಯ ಸಾಲಿಗೆ ಹೋದರು, ಮಾವನಿಂದ ಒಂದು ಸೀಟು ಬಿಟ್ಟು. ದೀಪ ಆರಿತು. ಚಡಪಡಕ್ಕ ಗೂಡಿನಲ್ಲಿ ಕೀಬೋರ್ಡಿನ ಎದುರು ನಿಂತಿದ್ದಳು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ. ಪಕ್ಕದಲ್ಲಿ ಮೈಕ್ ಹಿಡಿದ ಗಿಣಿ, ಈ ಸಲ ತನ್ನದೇ ಕಂಠದ ಗಿಣಿ.

"ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿ, ಅವಸರ ಬೇಡ," ಅಂದ ಅವನು. ಇರುವೆ ಗುರುಗುಟ್ಟಿತು, ತಿರುಗಿತು. ನಕ್ಷತ್ರಗಳು ಒಂದೇ ಸಲ ಹರಡಿಕೊಂಡವು. ಮುಂದಿನ ಸಾಲಿನ ಕೆಮ್ಮು ನಿಂತುಹೋಯಿತು. "ಅಮ್ಮಾ!" ಎಂದು ಅಧ್ಯಕ್ಷೆಯ ಬಾಯಿಂದ ತಾನಾಗಿ ಬಂತು. ಪಕ್ಕದವರು, "ಇದನ್ನ ಬಿಚ್ಚಬೇಕು ಅಂದದ್ದು ಯಾರ್ರೀ?" ಅಂದರು, ಅಂದವರು ತಾವೇ ಅಲ್ಲ ಎಂಬ ಧ್ವನಿಯಲ್ಲಿ.

"ಈಗ ಪೂರ್ವದ ಕಡೆ ನೋಡಿ," ಅಂದ ಗಿಣಿ.

ಚಂದ್ರ ಎದ್ದ. ದಿನಗಳು ಸರಿದವು. ಅವನು ನಡುಗೆರೆಯ ಹತ್ತಿರ ಬಂದಾಗ ಚಡಪಡಕ್ಕ ಉಸಿರು ಹಿಡಿದಳು. ಬಂದ, ಗೆರೆ ಮುಟ್ಟಿದ, ತುಸುವೂ ತಡವರಿಸದೆ ದಕ್ಷಿಣಕ್ಕೆ ಇಳಿದ. ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಹಿಂದೆ ಕುರ್ಚಿಯಿದ್ದುದು ಪುಣ್ಯ. ಕೂತೇಬಿಟ್ಟಳು.

ಗಿಣಿ ಕಣ್ಣು ಅಗಲಿಸಿದ, ಗ್ರಹಣ ನೋಡಿದವನಂತೆ.

ಆಗ ಕೊನೆಯ ಸಾಲಿನ ಕತ್ತಲಿಂದ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಸದ್ದು. ಆಮೇಲೆ ಸಾಹೇಬರ ಕಂಠ, ಪಿಸುಗುಟ್ಟಿದರೂ ಗುಮ್ಮಟ ಅದನ್ನು ಎಲ್ಲರಿಗೂ ಮುಟ್ಟಿಸಿತು: "ಹುಟ್ಟಿದ್ದಾನೆ. ಟೀ ಎಲ್ಲಿ? ಅರ್ಥ ಆಯ್ತಾ?"

ಚಡಪಡಕ್ಕ ಗಿಣಿಯ ಕಡೆ ತಿರುಗಿದಳು. ಅವನ ಬಾಯಿ ಮುಚ್ಚಿತ್ತು. ಅವನು ಬೆರಳು ತೋರಿಸಿ ತಲೆಯಾಡಿಸಿದ, ನಾನಲ್ಲ, ನಿನ್ನ ಮಾವ, ನನಗಿಂತ ಚೆನ್ನಾಗಿ ಮಾಡ್ತಾರೆ.

ಆಮೇಲೆ ಪ್ರೆಶರ್ ಕುಕ್ಕರಿನ ಸಣ್ಣ ಉಸಿರಿನಂಥದ್ದೊಂದು. ತಡೆದ ಉಸಿರು, ಮತ್ತೆ ತಡೆದ ಉಸಿರು, ಆಮೇಲೆ ತಡೆಯಲಾಗದ್ದು. ಸಾಹೇಬರು ನಕ್ಕರು. ಬಿಗಿ ಕಾಲರಿನ ಗುಂಡಿ ಕಿತ್ತು ಎಲ್ಲೋ ಸೀಟಿನ ಕೆಳಗೆ ಉರುಳಿತು. "ಪೆಟ್ಟಿಗೆಯೊಳಗಿನ ಮಹಾಶಯ! ಅಯ್ಯೋ ಪಾಪಿ, ಅಷ್ಟು ವರ್ಷ ಒಳಗೇ ಇಟ್ಕೊಂಡಿದ್ಯಲ್ಲೋ!" ಎಂದು ಮಾವನ ತೊಡೆಗೆ ಬಾರಿಸಿ ಬಾರಿಸಿ ನಕ್ಕರು. ಮಾವ ನಕ್ಕರು, ಗಿಣಿ ಮೈಕು ಮರೆತು ನಕ್ಕ, ಮಂಡಳಿಯವರು ಇದೂ ಷೋದ ಭಾಗವೆಂದು ತಿಳಿದು ಸುಮ್ಮನೆ ನಕ್ಕರು. ಆದರೆ ಗುಮ್ಮಟದ ಈ ಗೋಡೆಗೆ ಬಡಿದು ಆ ಗೋಡೆಗೆ ಹಾರಿ, ಚಂದ್ರನ ಬೆನ್ನ ಮೇಲಿಂದ ಜಾರಿ, ಎಲ್ಲರ ನಗುವಿನ ಮೇಲೆ ಕೇಳಿಸುತ್ತಿದ್ದುದು ಒಂದೇ ನಗು, ಇಷ್ಟು ವರ್ಷ ತಡವಾಗಿ ಬಂದ ಅರ್ಥಾಯ್ತಾ ಸಾಹೇಬರದು.